ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಅಟ್ಟದಲ್ಲಿ ಸಿಕ್ಕ ಹಿತ್ತಾಳೆಯ ಈ ಕೊಕ್ಕೆ ಯಾವುದಕ್ಕೆ?

ಪಟ್ಟಿ ಪೋಣಿಸಲು ಹಿಂದೆ ಜಾಗವಿದೆ ಎಂದು ನೀವು ಬರೆದಿರುವುದರಿಂದ, ಅದು ದೀಪ ತೂಗುಹಾಕುವ ಕೊಕ್ಕೆಯಲ್ಲ. ಕೊಡವರು ಒಡಿಕತ್ತಿಯನ್ನು ಸಿಕ್ಕಿಸಿಕೊಳ್ಳಲು ಸೊಂಟದ ಹಿಂಭಾಗಕ್ಕೆ ಕಟ್ಟಿಕೊಳ್ಳುವ ತೊಡಂಗ್ ಎಂದು ನನಗೆ ತೋರುತ್ತದೆ. ಒಡಿಕತ್ತಿಯ ಅಲಗು ಅಗಲವಾಗಿ ಮುಂದಕ್ಕೆ ಬಾಗಿದ್ದು, ಒಳಬಾಗಿನ ಅಂಚಿನಲ್ಲಿ ಹರಿತವಾಗಿರುತ್ತದೆ. ಅದನ್ನು ಒರೆಯಿಲ್ಲದೆ, ಬರಿ ಅಲಗಿನಲ್ಲೇ ಈ ತೊಡಂಗ್‌ಗೆ ಸಿಕ್ಕಿಸಿಕೊಂಡರೆ ಕಾಡಿನಲ್ಲಿ ನಡೆಯುವಾಗ ಎರಡೂ ಕೈಗಳು ಬಿಡುವಾಗಿರುತ್ತಿದ್ದವು. ಅಲಗು ತಾಗುವ ಸಂದಿನ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ: ಅಲ್ಲಿ ಒಂದೇ ದಿಕ್ಕಿನ ಸವೆತದ ಗೀರುಗಳಿದ್ದರೆ ಈ ಊಹೆಗೆ ಬಲ ಬರುತ್ತದೆ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಆ ಗೀರುಗಳೇ ಸಾಕ್ಷಿ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ತೋಕ್‌ಪೂ ಎಂಬ ಹೂವಿನಿಂದ ಅಲಂಕರಿಸಿ ಪೂಜೆಗಿಡುವಾಗ ಇದನ್ನು ಮನೆಯ ಹಿರಿಯರಿಗೆ ತೋರಿಸಿ. ಜೊತೆಯ ಕತ್ತಿ ಎಲ್ಲಿದೆಯೆಂಬುದೂ ತಿಳಿಯಬಹುದು.