ಅರ್ಧ ದಿಮ್ಮಿ ಹಲಗೆಗಳ ಹೊರಮೂಲೆಯನ್ನು 45 ಡಿಗ್ರಿಗೆ ಕೊಯ್ದು ಕೂಡಿಸಬಹುದೇ?

ಗೋಡೆಯ ಹೊರಮೈಗೆ ಅರ್ಧ ದಿಮ್ಮಿಯ ಆಕಾರದ, ಅಂದರೆ ಹೊರಮುಖ ದುಂಡಾಗಿ ಉಬ್ಬಿರುವ, ಹಲಗೆ ಹೊದಿಸುವಾಗ ಮೂಲೆಯನ್ನು ಓರೆ ಕೊಯ್ದು ಕೂಡಿಸುವುದೋ, ಕಂಬ ಕೊಡುವುದೋ, ಕಂಬವಾದರೆ ಅದು ಹಲಗೆಗಿಂತ ಮೊದಲೋ ಆಮೇಲೋ ಎಂದು ಕೇಳಿದ್ದೀರಿ. ಕಂಬ ಕೊಡಿ, ಅದನ್ನೇ ಮೊದಲು ನಿಲ್ಲಿಸಿ.

ಓರೆ ಕೂಡಿಕೆ ಕೂಡಿಸಿದ ದಿನ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಮರ ಒಣಗುವಾಗ ಅಗಲ ಮತ್ತು ದಪ್ಪದಲ್ಲಿ ಕುಗ್ಗುತ್ತದೆಯೇ ಹೊರತು ಉದ್ದದಲ್ಲಿ ಹೆಚ್ಚು ಕುಗ್ಗುವುದಿಲ್ಲ. ದಪ್ಪ ಕಡಿಮೆಯಾಗಿ ಉದ್ದ ಹಾಗೆಯೇ ಉಳಿದರೆ ಕೊಯ್ದ ಕೋನ 45 ಡಿಗ್ರಿಯಾಗಿ ಉಳಿಯುವುದಿಲ್ಲ, ಸಂದು ಬಾಯಿ ಬಿಡುತ್ತದೆ. ಹಲಗೆ ದಪ್ಪವಾದಷ್ಟೂ ಬಿರುಕು ದೊಡ್ಡದು. ಅದರ ಮೇಲೆ, ಎರಡೂ ಗೋಡೆಗಳ ಸಾಲುಗಳು ಕೆಳಗಿನಿಂದ ಮೇಲಿನವರೆಗೆ ಒಂದೇ ಮಟ್ಟದಲ್ಲಿ ಸಾಗಬೇಕು. ಉಬ್ಬಿಗೆ ಉಬ್ಬು ಕೂಡದಿದ್ದರೆ ಊರಿಗೆಲ್ಲ ಕಾಣುತ್ತದೆ.

ಹೊರಮೂಲೆಯ ಕಂಬಕ್ಕೆ ನಾನು ಚೌಕದ ಮರ ತೆಗೆದುಕೊಂಡು, ಗೋಡೆಯ ಮೂಲೆ ಒಳಗೆ ಕೂರುವಂತೆ ಹಿಂಬದಿಯ ಕಾಲು ಭಾಗವನ್ನು ಉದ್ದಕ್ಕೂ ಕೊಯ್ದು ತೆಗೆಯುತ್ತೇನೆ. ಎರಡು ಹಲಗೆಗಳನ್ನು ಲಂಬಕೋನಕ್ಕೆ ಜೋಡಿಸಿದರೂ ನಡೆಯುತ್ತದೆ. ಎರಡರಲ್ಲೂ ಮುಖ್ಯವಾದದ್ದು ಒಂದೇ: ಹೊದಿಕೆಯ ಹಲಗೆಯ ಉಬ್ಬು ಎಲ್ಲಿ ಅತಿ ಹೆಚ್ಚೋ ಅದಕ್ಕಿಂತ ಕಂಬದ ಅಂಚು ಸ್ವಲ್ಪ ಮುಂದಿರಬೇಕು. ಇಲ್ಲದಿದ್ದರೆ ಹಲಗೆಯ ದುಂಡು ತುದಿಗಳು ಕಂಬದಾಚೆಗೆ ಇಣುಕುತ್ತವೆ. ಕಂಬದ ಹಿಂದೆ ನೀರು ತಡೆಯುವ ಹಾಳೆ ಮೂಲೆಯನ್ನು ಸುತ್ತಿ ಎರಡೂ ಕಡೆಗೆ ಹಾದುಹೋಗಿರಲಿ. ಮೂಲೆಯಲ್ಲಿ ಹಾಳೆಯನ್ನು ಕತ್ತರಿಸಬೇಡಿ, ಮಳೆ ಮೊದಲು ಹುಡುಕುವುದು ಆ ಜಾಗವನ್ನೇ. ಕಂಬ ನೆಟ್ಟಗೆ ನಿಂತಿದೆಯೇ ಎಂದು ಎರಡೂ ಮುಖಗಳಿಗೆ ತೂಕದ ಗುಂಡು ಹಿಡಿದು ನೋಡಿ, ಆಮೇಲೆ ತುಕ್ಕು ಹಿಡಿಯದ ಉಕ್ಕಿನ ಸ್ಕ್ರೂಗಳನ್ನು ಗೋಡೆಯ ಚೌಕಟ್ಟಿನ ಗಟ್ಟಿ ಮರಕ್ಕೆ ಹೋಗುವಂತೆ ಬಿಗಿಯಿರಿ.

ಹಲಗೆಗಳು ಕಂಬಕ್ಕೆ ಮುಟ್ಟಬಾರದು. ಸುಮಾರು 3 ಮಿಲಿಮೀಟರ್ ಸಂದು ಬಿಟ್ಟು, ಅದನ್ನು ಹೊರಬಳಕೆಯ, ಹಿಗ್ಗಿ ಕುಗ್ಗುವ ಸೀಲಂಟಿನಿಂದ (ಸಂದು ಮುಚ್ಚುವ ಅಂಟಿನಿಂದ) ತುಂಬಿ. ಸಂದು ಇನ್ನೂ ಅಗಲವಾಗಿದ್ದರೆ ಮೊದಲು ಫೋಮ್ ಹಗ್ಗ ತೂರಿಸಿ: ಸೀಲಂಟು ಎರಡು ಬದಿಗೆ ಮಾತ್ರ ಅಂಟಬೇಕು, ಹಿಂದಕ್ಕೂ ಅಂಟಿಕೊಂಡರೆ ಮರ ಸರಿದಾಗ ಹರಿದುಹೋಗುತ್ತದೆ. ಇಷ್ಟಕ್ಕಿಂತ ದೊಡ್ಡ ವಿಷಯ ಕೊಯ್ದ ತುದಿ. ಮರದ ನಾರಿನ ಕೊಳವೆಗಳು ತೆರೆದುಕೊಳ್ಳುವುದು ಅಲ್ಲೇ, ಹಲಗೆಯ ಮುಖಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಅದು ನೀರು ಹೀರುತ್ತದೆ. ಪ್ರತಿ ತುದಿಗೂ ಜೋಡಿಸುವ ಮೊದಲೇ ಬಣ್ಣವನ್ನೋ ರಕ್ಷಕ ಲೇಪವನ್ನೋ ಹಚ್ಚಿ. ಬಡಗಿಗೆ ಬೇಸರ ಬರುವ ಕೆಲಸವಾದ್ದರಿಂದ ನೀವೇ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ತುದಿಯ ಬಳಿ ಸ್ಕ್ರೂ ಹಾಕುವ ಮುಂಚೆ ಬೈರಿಗೆಯಿಂದ ತೂತು ಕೊರೆಯದಿದ್ದರೆ ಹಲಗೆ ಸೀಳುತ್ತದೆ.

ಒಳಮೂಲೆಗೆ ಒಂದು ಚೌಕದ ಪಟ್ಟಿ ಸಾಕು.

ನಿಜವಾದ ದಿಮ್ಮಿಮನೆಯಂತೆ ತುದಿಗಳು ಒಂದರ ಮೇಲೊಂದು ಅಡ್ಡಲಾಗಿ ಚಾಚಿರಬೇಕೆಂಬ ಆಸೆಯಿದ್ದರೆ ಅದಕ್ಕೂ ತುಂಡು ದಿಮ್ಮಿಗಳು ಸಿಗುತ್ತವೆ. ಆಗ ಒಂದು ಗೋಡೆಯ ಮೊದಲ ಸಾಲನ್ನು ಅರ್ಧ ಅಗಲದ ಹಲಗೆಯಿಂದ ಶುರು ಮಾಡಬೇಕು. ಪಕ್ಕದ ಗೋಡೆಯ ಸಾಲುಗಳು ಇದರ ನಡುವೆ ಬರುವುದು ಹಾಗೆ ಮಾತ್ರ. ನೋಟ ಸೊಗಸು, ಆದರೆ ಚಾಚಿದ ಪ್ರತಿ ತುಂಡೂ ಮಳೆಗೆ ಒಡ್ಡಿದ ಇನ್ನೊಂದು ಕೊಯ್ದ ತುದಿ. ಸೂರು ಆ ತುಂಡುಗಳಿಗಿಂತ ಚೆನ್ನಾಗಿ ಹೊರಚಾಚಿಕೊಂಡಿಲ್ಲದಿದ್ದರೆ ನಾನು ಅದನ್ನು ಮಾಡಿಕೊಡಲು ಒಪ್ಪುವುದಿಲ್ಲ.