ಬಿ27 ಪಾಸಿಟಿವ್ ಬಂದಿದೆ, ನೋವಿಲ್ಲ. ಈಗೇನು?

ಪ್ರಶ್ನೆ: ಡಾಕ್ಟರೇ, ನನಗೆ 24 ವರ್ಷ. ಅಣ್ಣನಿಗೆ ಮೂರು ವರ್ಷದಿಂದ ಸೊಂಟನೋವು. ಬೆಳಗ್ಗೆ ಎದ್ದರೆ ಒಂದು ಗಂಟೆ ಬಗ್ಗೋಕೂ ಆಗುವುದಿಲ್ಲ. ಎಂಆರ್‌ಐ ಆದ ಮೇಲೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳ ಉರಿಯೂತ ಅಂದರು. ಅವನಿಗೆ ಎಚ್‌ಎಲ್‌ಎ-ಬಿ27 ಪಾಸಿಟಿವ್. ಹೆದರಿ ನಾನೂ ರಕ್ತ ಕೊಟ್ಟೆ, ನನಗೂ ಪಾಸಿಟಿವ್! ನೋವು ಮಾತ್ರ ಏನೂ ಇಲ್ಲ. ಈಗಲೇ ಮಾತ್ರೆ ಶುರು ಮಾಡಬೇಕಾ? ಅಮ್ಮ ‘ನಮ್ಮ ಕಡೆಯಿಂದಲೇ ಬಂತಾ’ ಅಂತ ಕೊರಗುತ್ತಿದ್ದಾರೆ.
– ಹಾವೇರಿಯ ಓದುಗರು

ಉತ್ತರ: ಮಾತ್ರೆ ಬೇಡ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಡೆಂಗಿ ಪಾಸಿಟಿವ್, ಟೈಫಾಯ್ಡ್ ಪಾಸಿಟಿವ್ ಅಂತ ಕೇಳಿ ಕೇಳಿ ನಮಗೆ ಆ ಪದವೇ ಹೆದರಿಕೆ. ಬಿ27 ರಿಪೋರ್ಟ್ ಆ ಥರದ್ದಲ್ಲ. ಇದು ಬ್ಲಡ್ ಗ್ರೂಪ್ ಇದ್ದ ಹಾಗೆ, ಹುಟ್ಟುವಾಗಲೇ ಬಂದದ್ದು, ಕೊನೇ ತನಕ ಇರುವಂಥದ್ದು. ಆರು ತಿಂಗಳು ಬಿಟ್ಟು ಮತ್ತೆ ಮಾಡಿಸಿದರೆ ದುಡ್ಡು ದಂಡ ಅಷ್ಟೇ. ನಿಜ ಹೇಳಬೇಕೆಂದರೆ, ನೋವೇ ಇಲ್ಲದ ನೀವು ಈ ಪರೀಕ್ಷೆ ಮಾಡಿಸುವ ಅಗತ್ಯವೇ ಇರಲಿಲ್ಲ.

ಬಿ27 ಅನ್ನುವುದು ಒಂದು ಜೀನ್. ಅದು ಮಾಡುವ ಕೆಲಸವೇನು? ಅನ್ನ ಬೆಂದಿದೆಯಾ ಅಂತ ನೋಡಲು ಸೌಟಿನಲ್ಲಿ ಒಂದಗುಳು ತೆಗೆದು ಹಿಸುಕುತ್ತೇವಲ್ಲ, ನಮ್ಮ ಜೀವಕೋಶಗಳೂ ಹಾಗೇ ಮಾಡುತ್ತವೆ. ಒಳಗೆ ತಯಾರಾಗುವ ಪ್ರೋಟೀನುಗಳ ಚಿಕ್ಕ ಚಿಕ್ಕ ಚೂರುಗಳನ್ನು ಹೊರಮೈಗೆ ತಂದು ಹಿಡಿಯುತ್ತವೆ. ಚೂರು ಹಿಡಿಯುವ ಸೌಟುಗಳೇ ಎಚ್‌ಎಲ್‌ಎ ಪ್ರೋಟೀನುಗಳು. ಕಾವಲಿಗಿರುವ ಟಿ ಕೋಶಗಳು ಬಂದು ಮುಟ್ಟಿ ನೋಡುತ್ತವೆ. ಚೂರು ನಮ್ಮದೇ ಆದರೆ ಮುಂದೆ ಹೋಗುತ್ತವೆ. ವೈರಸ್‌ನದ್ದಾದರೆ ಆ ಕೋಶವನ್ನೇ ಮುಗಿಸುತ್ತವೆ. ಸೌಟಿನ ಆಕಾರ ಒಬ್ಬೊಬ್ಬರಿಗೆ ಒಂದೊಂದು ಥರ. ಬಿ27 ಅದರಲ್ಲೊಂದು. ಅದರ ಜೀನ್ ಇರುವುದು ಆರನೇ ಕ್ರೋಮೋಸೋಮ್‌ನಲ್ಲಿ.

ಬೆನ್ನಿಗೂ ಇದಕ್ಕೂ ನಂಟಿದೆ ಅಂತ ಗೊತ್ತಾದದ್ದು 1973ರಲ್ಲಿ, ಲಂಡನ್ ಮತ್ತು ಲಾಸ್ ಏಂಜಲೀಸ್‌ನ ಎರಡು ತಂಡಗಳಿಂದ. ಲಂಡನ್‌ನವರು ನೋಡಿದ 75 ರೋಗಿಗಳಲ್ಲಿ 72 ಮಂದಿಗೆ ಬಿ27 ಇತ್ತು. ಆರೋಗ್ಯವಂತ 75 ಮಂದಿಯಲ್ಲಿ ಬರೀ 3 ಜನಕ್ಕೆ. ಇದನ್ನು ಓದಿದವರು ತಿರುಗಿಸಿ ಓದುತ್ತಾರೆ, ಎಡವಟ್ಟಾಗುವುದು ಅಲ್ಲೇ. ಬಸ್ ಓಡಿಸುವವರೆಲ್ಲರ ಹತ್ತಿರ ಲೈಸೆನ್ಸ್ ಇರುತ್ತದೆ. ಲೈಸೆನ್ಸ್ ಇದ್ದವರೆಲ್ಲ ಬಸ್ ಓಡಿಸುತ್ತಾರಾ? ಬಿ27 ಇರುವ ನೂರು ಜನರಲ್ಲಿ ಈ ಕಾಯಿಲೆ ಬರುವುದು ಐದು ಜನಕ್ಕೆ, ಅಥವಾ ಇನ್ನೂ ಕಡಿಮೆ. ನಿಮ್ಮ ಲೆಕ್ಕ ಸ್ವಲ್ಪ ಬೇರೆ, ಮುಚ್ಚಿಡುವುದಿಲ್ಲ. ಒಡಹುಟ್ಟಿದವರಿಗೆ ಕಾಯಿಲೆಯಿದ್ದು ನಮಗೂ ಬಿ27 ಇದ್ದರೆ ಸಾಧ್ಯತೆ ನೂರಕ್ಕೆ ಹತ್ತರಿಂದ ಇಪ್ಪತ್ತರವರೆಗೆ ಏರುತ್ತದೆ. ಹಾಗಂದರೂ ಎಂಬತ್ತು ಪಾಲು ಬರದೇ ಇರುವುದೇ ಜಾಸ್ತಿ, ಅಲ್ವಾ?

ಸೌಟು ಯಾಕೆ ತೊಂದರೆ ಕೊಡುತ್ತದೆ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಜಗಳ ಮುಗಿದಿಲ್ಲ. ಬಿ27 ಹಿಡಿಯುವ ನಮ್ಮದೇ ಒಂದು ಚೂರು ಯಾವುದೋ ರೋಗಾಣುವಿನ ಚೂರಿನಂತೆ ಕಂಡು ಟಿ ಕೋಶ ಮೋಸಹೋಗುತ್ತದೆ ಅನ್ನುವುದು ಒಂದು ವಾದ. ಈ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಕೋಶದೊಳಗೇ ಗುಡ್ಡೆಬಿದ್ದು, ಅದರ ಒತ್ತಡಕ್ಕೆ ಐಎಲ್-23 ಎಂಬ ಉರಿಯೂತದ ರಾಸಾಯನಿಕ ಹೆಚ್ಚುತ್ತದೆ ಅನ್ನುವುದು ಇನ್ನೊಂದು. ನನಗಂತೂ ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ ಅನಿಸುತ್ತದೆ. ಇಆರ್‌ಎಪಿ1 ಅಂತ ಇನ್ನೊಂದು ಜೀನ್ ಇದೆ. ಚೂರುಗಳನ್ನು ಅಳತೆಗೆ ಕತ್ತರಿಸುವುದು ಅದರ ಕೆಲಸ. ಬೆನ್ನಿನ ಕಾಯಿಲೆಯ ಮೇಲೆ ಅದರ ಪ್ರಭಾವ ಕಾಣುವುದು ಮುಖ್ಯವಾಗಿ ಬಿ27 ಇದ್ದವರಲ್ಲೇ ಅಂತ 2011ರಲ್ಲಿ ತಿಳಿಯಿತು. ಅಂದರೆ ಗೊಂದಲ ಸೌಟು ಮತ್ತು ಚೂರಿನ ಆಸುಪಾಸಿನಲ್ಲೇ ಎಲ್ಲೋ ಇದೆ.

ಬಿ27ರೊಳಗೂ ಒಳಪಂಗಡಗಳಿವೆ, ನಮ್ಮೂರಿನ ಹಾಗೇ! ನಮ್ಮಲ್ಲಿ ಹೆಚ್ಚು ಕಾಣುವ 27:05 ಮತ್ತು 27:04 ಎರಡಕ್ಕೂ ಕಾಯಿಲೆಯ ನಂಟಿದೆ. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಸಿಗುವ 27:09ಕ್ಕೆ ಮಾತ್ರ ಈ ಕಾಯಿಲೆ ತೀರಾ ಅಪರೂಪ. ಅದಕ್ಕೂ 27:05ಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲ.

ಜೀನ್ ಒಂದೇ ಸಾಲದು ಎನ್ನುವುದಕ್ಕೆ ಇಲಿಗಳ ಕಥೆ ನನಗೆ ಬಹಳ ಇಷ್ಟ. 1990ರಲ್ಲಿ ಅಮೆರಿಕದವರು ಮನುಷ್ಯರ ಬಿ27 ಜೀನನ್ನು ಇಲಿಗಳಿಗೆ ಸೇರಿಸಿದರು. ಇಲಿಗಳ ಕೀಲು ಊದಿಕೊಂಡಿತು, ಕರುಳೂ ಕೆಟ್ಟಿತು. ಆಮೇಲೆ ಅಂಥದೇ ಇಲಿಗಳನ್ನು ಒಂದೂ ಸೂಕ್ಷ್ಮಜೀವಿ ಇಲ್ಲದ ಪೆಟ್ಟಿಗೆಯಲ್ಲಿ ಬೆಳೆಸಿದರು. ಕೀಲೂ ಕರುಳೂ ಚೆನ್ನಾಗೇ ಉಳಿದವು! ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳಿಗೂ ಇದರಲ್ಲಿ ಪಾಲಿದೆ ಅನ್ನುವ ಅನುಮಾನ ಗಟ್ಟಿಯಾದದ್ದು ಆಗಲೇ. ಇದನ್ನು ಹಿಡಿದುಕೊಂಡು ಯಾರಾದರೂ ‘ಕರುಳು ಶುದ್ಧಿ’ ಪುಡಿ ಮಾರಲು ಬಂದರೆ ಮಾತ್ರ ಬಾಗಿಲು ಹಾಕಿಕೊಳ್ಳಿ.

ಅಮ್ಮನಿಗೆ ಏನು ಹೇಳುವುದು? ಇದು ಅಪ್ಪನಿಂದ ಬಂದಿರಬಹುದು, ಅಮ್ಮನಿಂದಲೂ ಬಂದಿರಬಹುದು. ಕೊಟ್ಟವರಿಗೆ ಒಂದು ದಿನವೂ ಬೆನ್ನು ನೋಯದೇ ಇರಬಹುದು. ನಾಳೆ ನಿಮ್ಮ ಮಕ್ಕಳಿಗೆ ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಜೀನ್ ಹೋಗುವ ಸಾಧ್ಯತೆ ಅದು, ಕಾಯಿಲೆಯದ್ದಲ್ಲ. ಇನ್ನೊಂದು ವಿಷಯ ಕೇಳಿದರೆ ಅವರಿಗೆ ಸಮಾಧಾನವಾದೀತು. ಎಚ್‌ಐವಿ ಸೋಂಕು ತಗುಲಿದವರಲ್ಲಿ ಬಿ27 ಇದ್ದವರಿಗೆ ಏಡ್ಸ್ ನಿಧಾನವಾಗಿ ಬರುತ್ತದೆ. ವೈರಸ್ ಹಿಡಿಯುವುದರಲ್ಲಿ ಈ ಸೌಟು ಬಲು ಚುರುಕು.

ಅಣ್ಣನ ಚಿಕಿತ್ಸೆ ಅವರ ಡಾಕ್ಟರಿಗೆ ಬಿಡೋಣ. ಉರಿಯೂತದ ಮಾತ್ರೆ ಮತ್ತು ದಿನಾ ವ್ಯಾಯಾಮ ಇದರ ಬುಡ. ಅದಕ್ಕೆ ಬಗ್ಗದಿದ್ದರೆ ಟಿಎನ್‌ಎಫ್ ಅಥವಾ ಐಎಲ್-17 ಎಂಬ ಉರಿಯೂತದ ರಾಸಾಯನಿಕಗಳನ್ನು ತಡೆಯುವ ಇಂಜೆಕ್ಷನ್‌ಗಳಿವೆ. ಅದಕ್ಕೆ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು, ನೆನಪಿಸಿ. ಬೀಡಿ ಸಿಗರೇಟು ಇದ್ದರೆ ಇಬ್ಬರೂ ಬಿಡಿ.

ನೀವು ಗಮನಿಸಬೇಕಾದದ್ದು ರಿಪೋರ್ಟನ್ನಲ್ಲ, ಬೆನ್ನನ್ನು. ಭಾರ ಎತ್ತಿ ಹಿಡಿದುಕೊಂಡ ಬೆನ್ನು ಮಲಗಿದರೆ ಹಗುರಾಗುತ್ತದೆ. ಈ ನೋವು ಉಲ್ಟಾ. ಮಲಗಿದರೆ ಹೆಚ್ಚು, ಓಡಾಡಿದರೆ ಕಡಿಮೆ. ನಡುರಾತ್ರಿ ಎಬ್ಬಿಸುತ್ತದೆ, ಬೆಳಗ್ಗೆ ಅರ್ಧ ಗಂಟೆಗೂ ಜಾಸ್ತಿ ಸೊಂಟ ಹಿಡಿದಿರುತ್ತದೆ. ಅಂಥದ್ದು ಮೂರು ತಿಂಗಳು ಮುಂದುವರಿದರೆ ಕೀಲುವಾತದ ತಜ್ಞರಿಗೆ, ಅಂದರೆ ರುಮಟಾಲಜಿಸ್ಟ್‌ಗೆ ತೋರಿಸಿ. ಇನ್ನು ಕಣ್ಣು. ಬಿ27 ಇದ್ದವರಿಗೆ ಕಣ್ಣಿನೊಳಗೂ ಉರಿಯೂತ ಬರಬಹುದು. ಒಂದೇ ಕಣ್ಣು ಇದ್ದಕ್ಕಿದ್ದಂತೆ ಕೆಂಪಾಗಿ, ನೋವಾಗಿ, ಬೆಳಕು ನೋಡೋಕಾಗದಿದ್ದರೆ ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಹಾಕಿಕೊಂಡು ಕೂರಬೇಡಿ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ನನಗೆ ಬಿ27 ಇದೆ ಅಂತ ಹೇಳಿ. ಈಗ ಹೆದರಿಸಿದ ಆ ರಿಪೋರ್ಟ್ ನಿಜಕ್ಕೂ ಕೆಲಸಕ್ಕೆ ಬರುವುದು ಅಲ್ಲಿ.