ಅಪ್ಪನ ಎನ್‌ಎಲ್‌ಆರ್ 6 ಬಂದಿದೆ, ಹೆದರಬೇಕೇ?

ಪ್ರಶ್ನೆ: ನನ್ನ ತಂದೆಗೆ 63 ವರ್ಷ. ನಾಲ್ಕನೇ ಹಂತದ ಶ್ವಾಸಕೋಶದ ಕ್ಯಾನ್ಸರ್. ಪೆಮೆಟ್ರೆಕ್ಸೆಡ್ ಇರುವ ಕಿಮೊಥೆರಪಿ ಎರಡು ಸಲ ಆಗಿದೆ. ಮೂರನೆಯದಕ್ಕೆ ಹೋದ ಬೆಳಿಗ್ಗೆ ರಕ್ತಪರೀಕ್ಷೆ ಮಾಡಿದರು: ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೊಫಿಲ್ ಶೇ 78, ಲಿಂಫೊಸೈಟ್ ಶೇ 13; ಉರಿಯೂತ ತೋರಿಸುವ ಸಿಆರ್‌ಪಿ 42, ರಕ್ತದ ಪ್ರೋಟೀನ್ ಆಲ್ಬುಮಿನ್ 3.1. ನ್ಯೂಟ್ರೊಫಿಲ್-ಲಿಂಫೊಸೈಟ್ ಅನುಪಾತ, ಅಂದರೆ ಎನ್‌ಎಲ್‌ಆರ್, 5 ದಾಟಿದರೆ ಆಯಸ್ಸು ಕಡಿಮೆ ಎಂದು ಮೊಬೈಲ್‌ನಲ್ಲಿ ಓದಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇದು ನಿಜವೇ?

ಉತ್ತರ: ಪರೀಕ್ಷೆಯ ಹಿಂದಿನ ದಿನ ತಂದೆಯವರು ಡೆಕ್ಸಾಮೆಥಾಸೋನ್ ಮಾತ್ರೆ ತೆಗೆದುಕೊಂಡಿದ್ದರೇ? ಪೆಮೆಟ್ರೆಕ್ಸೆಡ್ ಕೊಡುವಾಗ ಮೈಮೇಲೆ ದದ್ದು ಏಳದಿರಲೆಂದು ಈ ಸ್ಟೀರಾಯ್ಡನ್ನು ಸಾಮಾನ್ಯವಾಗಿ ಹಿಂದಿನ ದಿನವೇ ಶುರು ಮಾಡಿಸುತ್ತಾರೆ. ಅದು ನ್ಯೂಟ್ರೊಫಿಲ್ ಏರಿಸುತ್ತದೆ, ಲಿಂಫೊಸೈಟ್ ಇಳಿಸುತ್ತದೆ. ಎನ್‌ಎಲ್‌ಆರ್ ಎಂದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದ ಸಂಖ್ಯೆಯಷ್ಟೇ. ನಿಮ್ಮನ್ನು ಹೆದರಿಸಿದ 6ರಲ್ಲಿ ಮಾತ್ರೆಯ ಪಾಲೂ ಇರಬಹುದು. ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟಿದ್ದರೂ ಲೆಕ್ಕ ಹೀಗೆಯೇ ತಪ್ಪುತ್ತದೆ. ಆದ್ದರಿಂದ ಚಿಕಿತ್ಸೆ ಆರಂಭವಾಗುವ ಮುಂಚಿನ ವರದಿ ಹುಡುಕಿ; ತೂಕವಿರುವುದು ಅದಕ್ಕೆ.

ಸಿಆರ್‌ಪಿ ಮಾತ್ರ ಬೇರೆ. ಅದನ್ನು ಸ್ಟೀರಾಯ್ಡ್ ಏರಿಸುವುದಿಲ್ಲ. ಜ್ವರ, ಹೆಚ್ಚಿದ ಕಫ ಇದ್ದರೆ ಇಂದೇ ವೈದ್ಯರಿಗೆ ತಿಳಿಸಿ. ಕಿಮೊ ನಡುವಿನ ಸೋಂಕು ಕಾಯುವಂಥದ್ದಲ್ಲ. ಸೋಂಕಿಲ್ಲದಿದ್ದರೆ ಇದು ಗೆಡ್ಡೆಯೇ ಹೊತ್ತಿಸಿದ ಉರಿಯೂತವಿರಬಹುದು. ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ರಕ್ತದಲ್ಲಿ ಹೆಚ್ಚಾದಾಗ ಯಕೃತ್ತು ಸಿಆರ್‌ಪಿ ತಯಾರಿಕೆಗೆ ತಿರುಗಿ ಆಲ್ಬುಮಿನ್ ಕಡಿಮೆ ಮಾಡುತ್ತದೆ. ಸಿಆರ್‌ಪಿ 10 ದಾಟಿ ಆಲ್ಬುಮಿನ್ 3.5ಕ್ಕಿಂತ ಕೆಳಗಿದ್ದರೆ ಉರಿಯೂತ ಅಳೆಯುವ ಗ್ಲಾಸ್ಗೋ ಅಂಕ 2, ಅಂದರೆ ಅತಿ ಹೆಚ್ಚು. ಅಂಥ ರೋಗಿಗಳ ಗುಂಪು ಸರಾಸರಿಯಲ್ಲಿ ಕಡಿಮೆ ಕಾಲ ಬದುಕುತ್ತದೆ. ಇದನ್ನು ನಿಮ್ಮಿಂದ ಮುಚ್ಚಿಡಲಾರೆ.

ಆದರೆ ಸರಾಸರಿ ಗುಂಪಿನದು, ನಿಮ್ಮ ತಂದೆಯದಲ್ಲ. ಎನ್‌ಎಲ್‌ಆರ್‌ಗೆ ಕೆಲವು ಅಧ್ಯಯನಗಳು 3ರಲ್ಲಿ ಗೆರೆ ಎಳೆದರೆ ಕೆಲವು 5ರಲ್ಲಿ ಎಳೆಯುತ್ತವೆ. ಯಾವ ಔಷಧ ಕೊಡಬೇಕೆಂಬುದು ಈ ಗೆರೆಯ ಮೇಲೆ ನಿಂತಿಲ್ಲ. ಇಜಿಎಫ್‌ಆರ್, ಎಎಲ್‌ಕೆ ಜೀನ್ ಪರೀಕ್ಷೆ, ಗೆಡ್ಡೆಯಲ್ಲಿನ ಪಿಡಿ-ಎಲ್1 ಪ್ರೋಟೀನ್ ಪ್ರಮಾಣ, ಅವರು ದಿನದಲ್ಲಿ ಎಷ್ಟು ಹೊತ್ತು ಎದ್ದು ಓಡಾಡುತ್ತಾರೆ ಎಂಬುದು ಇವಕ್ಕಿಂತ ಬಹಳ ಮುಖ್ಯ. ಜೀನ್ ಪರೀಕ್ಷೆ ಆಗಿದೆಯೇ ಎಂದು ಮುಂದಿನ ಭೇಟಿಯಲ್ಲಿ ಮೊದಲು ಕೇಳಿ.

ಆಲ್ಬುಮಿನ್ ಏರಲೆಂದು ಮೊಟ್ಟೆಯನ್ನು ಬಲವಂತವಾಗಿ ತಿನ್ನಿಸಬೇಡಿ. ಉರಿಯೂತ ಇಳಿಯದೆ ಅದು ಹೆಚ್ಚು ಏರದು. ಅವರಿಗೆ ಸೇರುವುದನ್ನು ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ, ವಾರಕ್ಕೊಮ್ಮೆ ತೂಕ ಬರೆದಿಡಿ. ಮನೆಯಲ್ಲಿ ಒಬ್ಬರಿಗಾದರೂ ವಿಷಯ ತಿಳಿಸಿ, ವೈದ್ಯರ ಬಳಿ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.